ಐಇಎಲ್‌ಟಿಎಸ್‌ಗೆ ಕಷ್ಟದ ಪದ ಉರು ಹೊಡೆದರೆ ಬ್ಯಾಂಡ್ ಬರುತ್ತಾ? ಬ್ಯಾಡಗಿ ಮಾರುಕಟ್ಟೆಯಲ್ಲೇ ಇದೆ ಉತ್ತರ

ರಾಣೆಬೆನ್ನೂರಿನ ಯಾವ ಚಹಾದಂಗಡಿಯಲ್ಲೂ ಯಾರೂ ‘ಒಂದು ಪವರ್‌ಫುಲ್ ಚಾ ಕೊಡ್ರಿ’ ಅನ್ನೋದಿಲ್ಲ. ‘ಸ್ಟ್ರಾಂಗ್ ಚಾ ಕೊಡ್ರಿ’ ಅಂತಾರೆ. ಡಿಕ್ಷನರಿ ತೆಗೆದರೆ ಎರಡೂ ಪದಕ್ಕೆ ಹೆಚ್ಚುಕಡಿಮೆ ಒಂದೇ ಅರ್ಥ. ಆದರೂ ಚಹಾದ ಜೊತೆ ಒಂದು ಕೂಡುತ್ತದೆ, ಇನ್ನೊಂದು ಕೂಡೋದಿಲ್ಲ. ವಿದೇಶಕ್ಕೆ ಹೋಗಲು ಇಂಗ್ಲಿಷ್ ಪರೀಕ್ಷೆಗೆ ಕೂರುವ ಜಿಲ್ಲೆಯ ನರ್ಸಿಂಗ್, ಎಂಜಿನಿಯರಿಂಗ್ ಹುಡುಗ ಹುಡುಗಿಯರು ಎಡವುವುದು ಬಹಳ ಸಲ ಇಲ್ಲೇ.

ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ವಿಭಾಗ. ಪ್ರತಿಯೊಂದಕ್ಕೂ 9ರವರೆಗೆ ಬ್ಯಾಂಡ್ ಕೊಡುತ್ತಾರೆ. ಬ್ರಿಟನ್‌ನಲ್ಲಿ ನರ್ಸ್ ಆಗಿ ಹೆಸರು ನೋಂದಾಯಿಸಲು ಅಲ್ಲಿನ ನರ್ಸಿಂಗ್ ಕೌನ್ಸಿಲ್ ಕೇಳೋದು ಬರವಣಿಗೆಯಲ್ಲಿ 6.5, ಉಳಿದ ಮೂರರಲ್ಲಿ ತಲಾ 7. ಪರೀಕ್ಷಾ ಶುಲ್ಕ 16 ಸಾವಿರ ರೂಪಾಯಿ ದಾಟಿದೆ. ಬಂದ ಅಂಕಕ್ಕೆ ಎರಡೇ ವರ್ಷದ ಆಯುಷ್ಯ. ಅರ್ಧ ಬ್ಯಾಂಡ್ ಕಡಿಮೆ ಬಿದ್ದರೆ ಮತ್ತೆ ದುಡ್ಡು ಹೊಂದಿಸಬೇಕು. ಸಣ್ಣ ರೈತನ ಮನೆಯಲ್ಲಿ ಅದು ಬೀಜ-ಗೊಬ್ಬರಕ್ಕೆ ಇಟ್ಟ ದುಡ್ಡು.

ಬರವಣಿಗೆ ಮತ್ತು ಮಾತಿಗೆ ಅಂಕ ಕೊಡುವಾಗ ನಾಲ್ಕು ಸಂಗತಿ ನೋಡುತ್ತಾರೆ. ಅದರಲ್ಲಿ ಪದಸಂಪತ್ತು ಒಂದು, ತೂಕ ಕಾಲು ಭಾಗ. ಇಷ್ಟು ಕಿವಿಗೆ ಬಿದ್ದದ್ದೇ ತಡ, ಮೊಬೈಲ್‌ಗೆ ‘ಪ್ಲೆಥೊರಾ’, ‘ಮಿರಿಯಡ್’ ತರಹದ ಪದಗಳ ಪಿಡಿಎಫ್ ಇಳಿಯುತ್ತದೆ, ದಿನಕ್ಕೆ ಐವತ್ತರಂತೆ ಉರು ಹೊಡೆಯೋದು ಶುರುವಾಗುತ್ತದೆ. ಆದರೆ 7ನೇ ಬ್ಯಾಂಡ್‌ಗೆ ಪರೀಕ್ಷಕರು ಹುಡುಕೋದು ಅಪರೂಪದ ಪದಗಳ ರಾಶಿಯನ್ನಲ್ಲ. ಕಡಿಮೆ ಬಳಕೆಯ ಕೆಲವು ಪದ ಇರಬೇಕು ನಿಜ. ಅದರ ಜೊತೆಗೆ, ಯಾವ ಪದ ಯಾವುದರ ಪಕ್ಕ ಕೂರುತ್ತದೆ ಅನ್ನೋ ಅರಿವೂ ಕಾಣಬೇಕು. ಅಲ್ಲಲ್ಲಿ ಒಂದೊಂದು ತಪ್ಪಾದರೆ ನಡೆಯುತ್ತದೆ.

ಕನ್ನಡದಲ್ಲೂ ಇದೇ ಕತೆ. ಕಡು ಬಡತನ ಸರಿ, ಕಡು ಕೆಂಪು ಸರಿ. ‘ನಿನ್ನೆ ಹಾವೇರಿಯಾಗ ಕಡು ಮಳಿ ಆತು’ ಅಂದರೆ ಶಾಲೆಗೆ ಹೋಗದ ಅಜ್ಜಿಯೂ ನಗುತ್ತಾಳೆ. ಇಂಗ್ಲಿಷ್‌ನವರಿಗೆ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ಹಾಗಾಗಿ ನೋಟ್‌ಬುಕ್ಕಿನಲ್ಲಿ ಒಂಟಿ ಪದ ಬರೆದು ಎದುರಿಗೆ ಅರ್ಥ ಬರೆದರೆ ಅರ್ಧ ಕೆಲಸ ಮಾತ್ರ. ಪದವನ್ನು ಅದರ ಜೋಡಿ ಸಮೇತ ಬರೆಯಬೇಕು.

ಇನ್ನು ಬ್ಯಾಡಗಿ ಮಾರುಕಟ್ಟೆಯ ವಿಷಯ. ಅಕಾಡೆಮಿಕ್ ಪರೀಕ್ಷೆಯ ಬರವಣಿಗೆಯಲ್ಲಿ ಮೊದಲಿಗೆ ಗ್ರಾಫ್, ಟೇಬಲ್ ಅಥವಾ ನಕ್ಷೆ ಕೊಟ್ಟು ಕನಿಷ್ಠ 150 ಪದಗಳಲ್ಲಿ ವಿವರಿಸಲು ಹೇಳುತ್ತಾರೆ. ಗ್ರಾಫ್ ಬಂದರೆ ಅದು ಬಹುತೇಕ ಏರಿಳಿತದ ಭಾಷೆ. ಮೆಣಸಿನಕಾಯಿ ‘ಎರಡು ಸಾವಿರ ಏರಿತು’ ಅನ್ನೋದಕ್ಕೂ ‘ಎರಡು ಸಾವಿರಕ್ಕೆ ಏರಿತು’ ಅನ್ನೋದಕ್ಕೂ ಏನು ವ್ಯತ್ಯಾಸ ಅಂತ ದಲಾಲಿ ಅಂಗಡಿ ಗುಮಾಸ್ತನಿಗೆ ಕಲಿಸಬೇಕಿಲ್ಲ. ಒಂದು ‘ಕ್ಕೆ’ ತಪ್ಪಿದರೆ ಲೆಕ್ಕವೇ ಬುಡಮೇಲು. ಇಂಗ್ಲಿಷ್‌ನಲ್ಲಿ ಮೊದಲನೆಯದು ‘ರೋಸ್ ಬೈ’, ಎರಡನೆಯದು ‘ರೋಸ್ ಟು’. ಬೆಲೆ ತಾನೇ ಏರಿದರೆ ‘ರೋಸ್’, ವ್ಯಾಪಾರಿ ಏರಿಸಿದರೆ ‘ರೇಸ್ಡ್’. ಏರು, ಏರಿಸು ಅಂತ ಕನ್ನಡದಲ್ಲಿ ಮೊದಲೇ ಬೇರೆ ಬೇರೆ ಇರುವುದರಿಂದ ಇಲ್ಲಿನ ಮಕ್ಕಳಿಗೆ ಇದು ಸಲೀಸು. ಯಾರಾದರೂ ಹೀಗೆ ತೋರಿಸಿಕೊಡಬೇಕು ಅಷ್ಟೇ.

ದರ ಹೊಯ್ದಾಡುತ್ತಿದ್ದರೆ ‘ಫ್ಲಕ್ಚುಯೇಟ್’, ತುದಿ ಮುಟ್ಟಿದರೆ ‘ಪೀಕ್’, ದಿಢೀರ್ ನೆಲಕಚ್ಚಿದರೆ ‘ಪ್ಲಮೆಟ್’. ಕ್ವಿಂಟಲ್‌ಗೆ ನೂರು ರೂಪಾಯಿ ಇಳಿದದ್ದಕ್ಕೆಲ್ಲ ‘ಪ್ಲಮೆಟ್’ ಹಾಕಿದರೆ ಅಂಕ ಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ದರ ಬಿದ್ದು, ರೈತರ ಸಿಟ್ಟು ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬೀಳುವ ಮಟ್ಟಕ್ಕೆ ಹೋಯಿತಲ್ಲ, ಅಂಥ ಕುಸಿತಕ್ಕೆ ಆ ಪದ ತಕ್ಕುದು. ಪೇಪರಿನಲ್ಲಿ ಬರುವ ಒಂದು ವಾರದ ಧಾರಣೆ ಇಟ್ಟುಕೊಂಡು ಇಂಗ್ಲಿಷ್‌ನಲ್ಲಿ ಆರು ವಾಕ್ಯ ಬರೆದರೆ ಖರ್ಚಿಲ್ಲದ ಅಭ್ಯಾಸ.

ಮಾತಿನ ವಿಭಾಗದಲ್ಲಿ ಒಂದು ವಿಷಯ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿಸುತ್ತಾರೆ. ಊರು, ಮಾರುಕಟ್ಟೆ, ಊಟದ ವಿಷಯ ಬಂದರೆ ನೋಡದ ಲಂಡನ್ ಸೇತುವೆ ಯಾಕೆ? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಸುಕ್ಕುಗಟ್ಟಿದ ಕಾಯಿಗೆ ‘ರಿಂಕಲ್ಡ್’, ಹೆಚ್ಚು ಖಾರವಿಲ್ಲದ್ದಕ್ಕೆ ‘ಮೈಲ್ಡ್’, ಅದರಿಂದ ತೆಗೆಯುವ ಬಣ್ಣದ ಸತ್ವಕ್ಕೆ ‘ಒಲಿಯೊರೆಸಿನ್’. ಹಾವೇರಿಯ ಏಲಕ್ಕಿ ಹಾರಕ್ಕೆ ‘ಫ್ರೇಗ್ರಂಟ್’. ಕಣ್ಣಾರೆ ಕಂಡ ವಸ್ತುವಿನ ಪದ ಬಾಯಿಗೆ ಬೇಗ ಬರುತ್ತದೆ.

ನರ್ಸ್‌ಗಳಿಗೆ ಒಇಟಿ ಅನ್ನೋ ಇನ್ನೊಂದು ಪರೀಕ್ಷೆಯೂ ಇದೆ. ಅಲ್ಲಂತೂ ಲೆಕ್ಕ ಪೂರ್ತಿ ಉಲ್ಟಾ. ರೋಗಿಯ ಜೊತೆ ಮಾತಾಡುವ ಸನ್ನಿವೇಶ ಕೊಡುತ್ತಾರೆ. ‘ಹೈಪರ್‌ಟೆನ್ಷನ್’ ಅಂತ ಬಿಡದೆ ‘ಹೈ ಬ್ಲಡ್ ಪ್ರೆಷರ್’ ಅಂತ ತಿಳಿಸಿ ಹೇಳುವವರಿಗೇ ಅಂಕ.

ಇಲ್ಲಿನ ಇಂಗ್ಲಿಷಿನ ಕೆಲವು ಪದಗಳಿಗೂ ಎಚ್ಚರ ಬೇಕು. ಮನೆ ಕಟ್ಟುವ ‘ಸೈಟ್’ ಹೊರಗಿನವರಿಗೆ ‘ಪ್ಲಾಟ್’. ಬರೀ ಊಟ ಸಿಗುವ ‘ಹೋಟೆಲ್’ ಅವರಿಗೆ ‘ರೆಸ್ಟೋರೆಂಟ್’. ‘ಲೂಸ್ ಮೋಷನ್’ ಬದಲು ‘ಡಯೇರಿಯಾ’ ಅನ್ನಬೇಕು.

ಪಟ್ಟಿ ಬೇಕೇ ಬೇಕು ಅನ್ನುವವರಿಗೆ ನ್ಯೂಜಿಲೆಂಡಿನ ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಇದೆ. ಅದರಲ್ಲಿ 570 ಪದ ಕುಟುಂಬಗಳಿವೆ, ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ದಿನಕ್ಕೆ ಹತ್ತರಂತೆ ಎರಡು ತಿಂಗಳಲ್ಲಿ ಮುಗಿಯಿತು ಅಂತ ಲೆಕ್ಕ ಹಾಕಬೇಡಿ. ಕಲಿತದ್ದನ್ನು ಮರುದಿನ, ವಾರ ಬಿಟ್ಟು, ತಿಂಗಳು ಬಿಟ್ಟು ತಿರುಗಿ ನೋಡದಿದ್ದರೆ ಅದು ನಿಲ್ಲೋದಿಲ್ಲ. ಸ್ಪೆಲ್ಲಿಂಗ್ ಸಹ ಬರೆದು ಬರೆದೇ ಕಲಿಯಬೇಕು. ಕೇಳುವ ವಿಭಾಗದಲ್ಲಿ ಉತ್ತರ ಸರಿಯಿದ್ದು ಸ್ಪೆಲ್ಲಿಂಗ್ ತಪ್ಪಿದರೆ ಆ ಅಂಕ ಪೂರ್ತಿ ಹೋಯಿತು. ‘ಅಕಾಮೊಡೇಶನ್’ ಪದದಲ್ಲಿ ಸಿ ಎರಡು, ಎಂ ಕೂಡ ಎರಡು.