ಸ್ಕೀ ತಳದ ದುರಸ್ತಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಕೊಲರಾಡೊದಲ್ಲೋ ಆಲ್ಬರ್ಟಾದಲ್ಲೋ ನೆಲೆಸಿ ಚಳಿಗಾಲದಲ್ಲಿ ಹಿಮದ ಇಳಿಜಾರಿಗೆ ಹೋಗುವ ಕನ್ನಡಿಗರಿಗೆ ಸ್ಕೀ ಅಥವಾ ಸ್ನೋಬೋರ್ಡಿನ ತಳದಲ್ಲಿ ಗೀರು ಕಂಡರೆ ದಿಗಿಲು. ತಳದ ಬಹುಪಾಲು ಕೆಲಸ ಮನೆಯಲ್ಲೇ ಆಗುವಂಥದ್ದು. ಅದು ಎಷ್ಟು ಬಿಸಿ ತಾಳುತ್ತದೆ, ನೀರು ಎಲ್ಲಿಗೆ ಇಳಿದರೆ ಕೆಡುತ್ತದೆ ಎಂಬ ಎರಡು ಸಂಗತಿ ಗೊತ್ತಿದ್ದರೆ ಮಾತ್ರ.

ತಪ್ಪು ಕಲ್ಪನೆ: ಪ್ರತಿ ಗೀರನ್ನೂ ತುಂಬಲೇಬೇಕು.

ವಾಸ್ತವ: ಬೇಡ. ಉದ್ದಕ್ಕೆ ಎಳೆದಂತಿರುವ ಸಣ್ಣ ಗೀರು ಓಟಕ್ಕೆ ಅಷ್ಟೇನೂ ಅಡ್ಡಿಯಲ್ಲ. ಅಡ್ಡಡ್ಡ ಬಿದ್ದದ್ದು, ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದದ್ದು, ಅಂಚಿಗೆ ತಾಗಿಕೊಂಡದ್ದು ಇವಕ್ಕೆ ಗಮನ ಕೊಡಿ. ಗೀರಿನ ಇಕ್ಕೆಲದಲ್ಲಿ ಮೇಲೆದ್ದ ಸಿಬಿರನ್ನು ಹರಿತ ಚಾಕುವಿನಿಂದ ಕತ್ತರಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ತಪ್ಪು ಕಲ್ಪನೆ: ಗೀರು ತುಂಬುವ ಪಿ-ಟೆಕ್ಸ್ ಪ್ಲಾಸ್ಟಿಕ್ ಕಡ್ಡಿ ಹೊತ್ತಿಸಿ ತೊಟ್ಟಿಕ್ಕಿಸಿದರೆ ಯಾವ ತೂತಾದರೂ ಮುಚ್ಚುತ್ತದೆ.

ವಾಸ್ತವ: ಎಷ್ಟೋ ಹಲಗೆಗಳು ಹಾಳಾಗುವುದು ಈ ನಂಬಿಕೆಯಿಂದ. ತಳ ಎಂದರೆ ಪಾಲಿಎಥಿಲೀನ್ ಹಾಳೆ. ಕಡ್ಡಿಯೂ ಅದೇ ಜಾತಿಯದು, ಆದರೆ ಇನ್ನಷ್ಟು ಮೆದು. ಹಾಗಾಗಿ ತಳಕ್ಕೆ ಅಂಟುತ್ತದೆ. ಉಕ್ಕಿನ ಅಂಚಿಗಾಗಲಿ, ಒಳಗಿನ ಫೈಬರ್‌ಗ್ಲಾಸಿಗಾಗಲಿ ಗಟ್ಟಿಯಾಗಿ ಅಂಟದು. ಗೀರಿನೊಳಗೆ ಮರ ಅಥವಾ ಫೈಬರ್‌ಗ್ಲಾಸ್ ಕಾಣುತ್ತಿದ್ದರೆ ಪೆಟ್ಟು ತಿರುಳಿಗೆ ತಲುಪಿದೆ ಎಂದರ್ಥ. ಅಂಥದ್ದನ್ನು ಒದ್ದೆಯಾಗಿರುವಾಗಲೇ ಮುಚ್ಚಿದರೆ ನೀರು ಒಳಗೇ ಉಳಿಯುತ್ತದೆ. ಹೆಪ್ಪುಗಟ್ಟಿದಾಗ ಹಿಗ್ಗಿ ಪದರಗಳನ್ನು ಬಿಡಿಸುತ್ತದೆ, ಮರ ಊದಿಕೊಳ್ಳುತ್ತದೆ. ಆ ದಿನದ ಮಟ್ಟಿಗೆ ಆಟ ನಿಲ್ಲಿಸಿ, ಮನೆಯ ಬೆಚ್ಚಗಿನ ಜಾಗದಲ್ಲಿ ಪೂರ್ತಿ ಒಣಗಲು ಬಿಡಿ. ಆಮೇಲೆ ಕೆಟ್ಟ ಭಾಗವನ್ನು ಚೌಕವಾಗಿ ಕತ್ತರಿಸಿ ಎಪಾಕ್ಸಿಯಿಂದ ಹೊಸ ತುಂಡು ಕೂರಿಸಬೇಕು. ಕೈ ಪಳಗಿಲ್ಲದಿದ್ದರೆ ಈ ಕೆಲಸ ಅಂಗಡಿಯವರದೇ.

ತಿರುಳು ಕಾಣದ ಗೀರಿಗೆ ಕಡ್ಡಿ ಸರಿಯಾದ ಮದ್ದು. ಉರಿ ದೊಡ್ಡದಾದರೆ ಮಸಿ ಕೂಡುತ್ತದೆ, ಮಸಿ ಬೆರೆತ ಹನಿ ಸರಿಯಾಗಿ ಹಿಡಿಯುವುದಿಲ್ಲ. ಕಪ್ಪು ತಳದಲ್ಲಿ ಮಸಿ ಕಣ್ಣಿಗೆ ಬೀಳದು, ಹಾಗಂತ ತೊಂದರೆ ತಪ್ಪಿತು ಎಂದಲ್ಲ. ಮೊದಲ ಹನಿಗಳನ್ನು ಲೋಹದ ಸ್ಕ್ರೇಪರಿನ ಮೇಲೆ ಬೀಳಿಸಿ, ಕಡ್ಡಿಯನ್ನು ತಳಕ್ಕೆ ಹತ್ತಿರ ಹಿಡಿದು ಉರಿಯನ್ನು ಸಣ್ಣದಾಗಿ, ನೀಲಿಯಾಗಿ ಇಟ್ಟುಕೊಳ್ಳಿ. ಗೀರು ತುಸು ಉಬ್ಬುವಷ್ಟು ತುಂಬಿ, ಪೂರ್ತಿ ಆರಿದ ಮೇಲಷ್ಟೇ ಹೆರೆಯಿರಿ. ಕಿಟಕಿ ತೆರೆದಿರಲಿ, ಉರಿಯುವ ಹನಿ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಮಕ್ಕಳು ದೂರವಿರಲಿ.

ತಪ್ಪು ಕಲ್ಪನೆ: ಇಸ್ತ್ರಿಪೆಟ್ಟಿಗೆ ಬಿಸಿಯಾದಷ್ಟೂ, ಚೆನ್ನಾಗಿ ಜಾರಲೆಂದು ತಳಕ್ಕೆ ಹಚ್ಚುವ ವ್ಯಾಕ್ಸ್ ಚೆನ್ನಾಗಿ ಇಳಿಯುತ್ತದೆ.

ವಾಸ್ತವ: ತಳದ ಪಾಲಿಎಥಿಲೀನ್ ಸುಮಾರು 135 ಡಿಗ್ರಿ ಸೆಲ್ಸಿಯಸ್‌ಗೆ ಕರಗತೊಡಗುತ್ತದೆ. ಬಟ್ಟೆಯ ಇಸ್ತ್ರಿಪೆಟ್ಟಿಗೆಯ ಬಿಸಿ ಏರುತ್ತ ಇಳಿಯುತ್ತ ಇರುತ್ತದೆ, ಯಾವ ಗಳಿಗೆಯಲ್ಲಿ ಎಷ್ಟಿದೆ ಎಂದು ಹೇಳುವಂತಿಲ್ಲ. ಬಿಸಿ ಹದವಾಗಿ ನಿಲ್ಲುವ, ಅಡಿ ದಪ್ಪವಿರುವ ವ್ಯಾಕ್ಸ್ ಇಸ್ತ್ರಿಗೆ ದುಡ್ಡು ಹಾಕುವುದು ದಂಡವಲ್ಲ. ವ್ಯಾಕ್ಸ್ ಪೊಟ್ಟಣದ ಮೇಲಿನ ಉಷ್ಣತೆ ಮೀರಬೇಡಿ. ಹೊಗೆ ಎದ್ದರೆ ಬಿಸಿ ಹೆಚ್ಚಾಗಿದೆ. ಇಸ್ತ್ರಿಯನ್ನು ಒಂದೇ ಕಡೆ ನಿಲ್ಲಿಸದೆ ಮೂತಿಯಿಂದ ಬಾಲದ ಕಡೆಗೆ ಸಾಗಿಸುತ್ತಿರಿ. ಹಲಗೆಯ ಮೇಲ್ಭಾಗ ಕೈಗೆ ಬೆಚ್ಚಗೆ ತಾಗಿದರೆ ಸಾಕು.

ತಪ್ಪು ಕಲ್ಪನೆ: ವ್ಯಾಕ್ಸ್ ದಪ್ಪನಾಗಿ ಉಳಿದಷ್ಟೂ ಓಟ ಜೋರು.

ವಾಸ್ತವ: ಮೇಲೆ ಉಳಿದ ವ್ಯಾಕ್ಸ್ ಓಟವನ್ನು ತಡೆಯುತ್ತದೆ. ಬೇಕಾದದ್ದು ತಳ ಹೀರಿಕೊಂಡಷ್ಟು ಮಾತ್ರ. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಖ್‌ನಲ್ಲಿಯೂ ಪ್ರಯೋಗ ನಡೆಸಿ, ಉಜ್ಜಾಟದ ಬಿಸಿಗೆ ಹಿಮ ಕರಗಿ ಆಗುವ ತೆಳು ನೀರಿನ ಪದರದ ಮೇಲೆ ಸ್ಕೀ ಜಾರುತ್ತದೆ ಎಂದು ವಿವರಿಸಿದರು. ಆ ನೀರು ಹೆಚ್ಚಾದರೆ ತಳವನ್ನು ಹಿಡಿದೆಳೆಯುತ್ತದೆ. ಅದು ಹರಿದುಹೋಗಲೆಂದೇ ತಳದಲ್ಲಿ ನವಿರು ಗೆರೆಗಳಿರುತ್ತವೆ, ವ್ಯಾಕ್ಸ್ ಮೆತ್ತಿದರೆ ಅವು ಮುಚ್ಚುತ್ತವೆ. ಆದ್ದರಿಂದ ತಣ್ಣಗಾದ ಮೇಲೆ ಅಕ್ರಿಲಿಕ್ ಸ್ಕ್ರೇಪರಿನಿಂದ ಹೆರೆದು ಬ್ರಷ್ ಉಜ್ಜಬೇಕು. ಋತು ಮುಗಿದು ಎತ್ತಿಡುವಾಗ ಮಾತ್ರ ದಪ್ಪಗೆ ಹಚ್ಚಿ, ಉಕ್ಕಿನ ಅಂಚನ್ನೂ ಮುಚ್ಚಿ, ಹಾಗೇ ಬಿಡಿ, ತುಕ್ಕು ಹಿಡಿಯದು.

ತಪ್ಪು ಕಲ್ಪನೆ: ತಳ ಡೊಂಕಾದರೆ ಮರಳು ಕಾಗದದಿಂದ ಮಟ್ಟ ಮಾಡಬಹುದು.

ವಾಸ್ತವ: ಲೋಹದ ನೇರಪಟ್ಟಿಯನ್ನು ಅಡ್ಡಲಾಗಿಟ್ಟು ಬೆಳಕಿಗೆ ಹಿಡಿದರೆ ಡೊಂಕು ಗೊತ್ತಾಗುತ್ತದೆ. ಅದನ್ನು ನೇರ್ಪಡಿಸಲು ಅಂಗಡಿಯ ಸಾಣೆಕಲ್ಲಿನ ಯಂತ್ರವೇ ಬೇಕು. ಕೈಯಿಂದ ಉಜ್ಜಿದರೆ ಡೊಂಕು ಹೆಚ್ಚುವುದೇ ಹೆಚ್ಚು.

ತಪ್ಪು ಕಲ್ಪನೆ: ಫ್ಲೋರಿನ್ ವ್ಯಾಕ್ಸ್ ಇಲ್ಲದೆ ಒಳ್ಳೆಯ ಓಟವಿಲ್ಲ.

ವಾಸ್ತವ: ಒದ್ದೆ ಹಿಮದಲ್ಲಿ ಅದು ವೇಗ ಕೊಡುವುದು ನಿಜ. ಆದರೆ ಅದರ ರಾಸಾಯನಿಕಗಳು ಮಣ್ಣು, ನೀರು ಸೇರಿದರೆ ಸುಲಭವಾಗಿ ನಶಿಸುವುದಿಲ್ಲ, ಹೊಗೆ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023–24ರ ಋತುವಿನಿಂದ ತನ್ನ ಸ್ಪರ್ಧೆಗಳಲ್ಲಿ ಅದನ್ನು ಪೂರ್ತಿ ನಿಷೇಧಿಸಿದೆ. ವಾರಾಂತ್ಯದ ಆಟಕ್ಕೆ ಸಾಮಾನ್ಯ ವ್ಯಾಕ್ಸೇ ಧಾರಾಳವಾಗಿ ಸಾಕು. ಹಳೆಯ ಫ್ಲೋರಿನ್ ಡಬ್ಬಿ ಮನೆಯಲ್ಲಿದ್ದರೆ ಬಳಸಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ನಿಮ್ಮ ಊರಿನ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ.