ಪರಭಕ್ಷಕ ಮೀನುಗಳ ಸಾಕಣೆ ಮತ್ತು ಕಾನೂನು

ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರು ಸಾಗಿದರೆ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಮಹಾಗಣಪತಿಯ ದೇವಸ್ಥಾನದಿಂದಲೂ ವಿಸ್ತಾರವಾದ ಕೈಗಾರಿಕಾ ಪ್ರದೇಶದಿಂದಲೂ ಹೆಸರಾದ ಈ ಊರು ಎರಡು ನದಿಗಳ ನಡುವಣ ಭೂಭಾಗದಲ್ಲಿದೆ. ಉತ್ತರಕ್ಕೆ ಘೋಡ್ ನದಿ, ದಕ್ಷಿಣಕ್ಕೆ ಭೀಮಾ. ಘೋಡ್ ಭೀಮೆಯ ಉಪನದಿಯಾದ್ದರಿಂದ ಇಲ್ಲಿ ಬಿದ್ದ ಮಳೆಯ ನೀರು ಯಾವ ದಿಕ್ಕಿಗೆ ಹರಿದರೂ ಕೊನೆಗೆ ಸೇರುವುದು ಭೀಮೆಯನ್ನೇ. ಆ ನೀರು ಉಜನಿ ಜಲಾಶಯವನ್ನು ತುಂಬಿ, ಪಂಢರಪುರವನ್ನು ದಾಟಿ, ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳ ಮೂಲಕ ಹರಿದು ರಾಯಚೂರಿನ ಬಳಿ ಕೃಷ್ಣೆಯಲ್ಲಿ ಒಂದಾಗುತ್ತದೆ.

ಮೀನು ಸಾಕಣೆಯ ಕಾನೂನನ್ನು ಅರಿಯಲು ಈ ಭೂಗೋಳವನ್ನು ನೆನಪಿನಲ್ಲಿಡುವುದು ಅವಶ್ಯಕ. ಹಸು, ಕುರಿಗಳಿಗೆ ಬೇಲಿ ಹಾಕಬಹುದು. ಮಳೆಗಾಲದಲ್ಲಿ ಕೋಡಿ ಹರಿಯುವ ಹೊಂಡಕ್ಕೆ ಬೇಲಿ ಎಂಬುದಿಲ್ಲ. ಶಿರೂರು ತಾಲ್ಲೂಕಿನ ಒಂದು ಹೊಂಡದಲ್ಲಿ ಯಾವ ಮೀನು ಬೆಳೆಯುತ್ತಿದೆ ಎಂಬುದು ಆ ಹೊಂಡದ ಒಡೆಯನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಇಂಡಿ, ಅಫಜಲಪುರ ತಾಲ್ಲೂಕುಗಳಲ್ಲಿ ಭೀಮೆಗೆ ಬಲೆ ಬೀಸುವವರಿಗೂ ಅದು ಸಂಬಂಧಿಸಿದ್ದಾಗಿದೆ.

ಬೇರೆ ಮೀನುಗಳನ್ನು ತಿಂದು ಬದುಕುವುದೇ ಒಂದು ಮೀನಿನ ದೋಷವಲ್ಲ. ಭೀಮಾ ಕೊಳ್ಳದಲ್ಲಿಯೇ ಬಾಳೆ ಮೀನು, ಕೊರವ ಮುಂತಾದ ಪರಭಕ್ಷಕಗಳು ಹಿಂದಿನಿಂದಲೂ ಇವೆ. ಬ್ರಿಟಿಷ್ ಅಧಿಕಾರಿ ಡಬ್ಲ್ಯೂ. ಎಚ್. ಸೈಕ್ಸ್ 1839ರಲ್ಲಿ ದಖ್ಖನಿನ ಮೀನುಗಳನ್ನು ಕುರಿತು ಬರೆದಾಗ, ಪುಣೆಯ ಪೂರ್ವಕ್ಕೆ ಮುಳಾ-ಮುಠಾ ನದಿಯಲ್ಲಿ ದೊರೆತ ಮಹಶೀರ್ ಮೀನೊಂದನ್ನು ವಿಜ್ಞಾನಕ್ಕೆ ಪರಿಚಯಿಸಿದನು. ಅದೇ ಇಂದಿನ ದಖ್ಖನ್ ಮಹಶೀರ್. ಬೇಟೆಯಾಡುವ ಮೀನು ಮತ್ತು ಬೇಟೆಗೆ ಸಿಗುವ ಮೀನು ಸಾವಿರಾರು ವರ್ಷ ಒಂದೇ ಹೊಳೆಯಲ್ಲಿ ಬಾಳಿದಾಗ ಅವುಗಳ ನಡುವೆ ಒಂದು ಲೆಕ್ಕಾಚಾರ ಏರ್ಪಟ್ಟಿರುತ್ತದೆ. ಹೊರಗಿನಿಂದ ಬಂದ ಪರಭಕ್ಷಕಕ್ಕೆ ಆ ಲೆಕ್ಕವಿಲ್ಲ. ಅದರಿಂದ ತಪ್ಪಿಸಿಕೊಳ್ಳುವ ಬಗೆಯನ್ನು ಇಲ್ಲಿಯ ಮೀನುಗಳೂ ಕಲಿತಿಲ್ಲ.

ಆಫ್ರಿಕನ್ ಕ್ಯಾಟ್‌ಫಿಷ್

ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಆಫ್ರಿಕನ್ ಕ್ಯಾಟ್‌ಫಿಷ್. ಮಹಾರಾಷ್ಟ್ರದಲ್ಲಿ ಇದನ್ನು ಮಾಂಗೂರ್ ಎಂದೂ, ಬೇರೆ ಕಡೆಗಳಲ್ಲಿ ಥಾಯ್ ಮಾಗೂರ್ ಎಂದೂ ಕರೆಯುತ್ತಾರೆ. ಮೂಲತಃ ಆಫ್ರಿಕಾ ಖಂಡದ ಈ ಮೀನು ಥಾಯ್ಲೆಂಡಿನಿಂದ ಬಾಂಗ್ಲಾದೇಶಕ್ಕೆ, ಅಲ್ಲಿಂದ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದು, 1990ರ ದಶಕದಲ್ಲಿ ದಕ್ಷಿಣದ ರಾಜ್ಯಗಳಿಗೂ ಹರಡಿತು. ಸರ್ಕಾರದ ಅನುಮತಿಯಿಂದ ತರಿಸಿದ ಮೀನು ಇದಲ್ಲವೆಂಬುದನ್ನು ಗಮನಿಸಬೇಕು.

ಸಾಕುವವರನ್ನು ಇದು ಆಕರ್ಷಿಸುವುದಕ್ಕೆ ಕಾರಣವಿಲ್ಲದಿಲ್ಲ. ಕಿವಿರುಗಳ ಮೇಲ್ಭಾಗದಲ್ಲಿ ಮರದ ಕೊಂಬೆಯಂತೆ ಕವಲೊಡೆದ ವಿಶೇಷ ಅಂಗವೊಂದು ಇದಕ್ಕಿದ್ದು, ಅದರ ನೆರವಿನಿಂದ ನೇರವಾಗಿ ಗಾಳಿಯನ್ನು ಉಸಿರಾಡಬಲ್ಲದು. ಕೊಳೆತು ನಾರುವ ನೀರಿನಲ್ಲಿಯೂ ಸಾಯುವುದಿಲ್ಲ. ಸಣ್ಣ ಹೊಂಡದಲ್ಲಿ ಸಾವಿರಗಟ್ಟಲೆ ಮರಿಗಳನ್ನು ಒತ್ತಾಗಿ ಬಿಡಬಹುದು. ಕೋಳಿ ಅಂಗಡಿ ಮತ್ತು ಕಸಾಯಿಖಾನೆಗಳ ತ್ಯಾಜ್ಯವನ್ನು ಸುರಿದರೆ ಸಾಕು, ಕೆಲವೇ ತಿಂಗಳುಗಳಲ್ಲಿ ಮಾರಾಟದ ಗಾತ್ರಕ್ಕೆ ಬರುತ್ತದೆ. ಮೇವಿಗೆ ಖರ್ಚಿಲ್ಲದ ಇಂತಹ ಬೆಳೆ ಮತ್ತೊಂದಿಲ್ಲವೆಂದು ಮಧ್ಯವರ್ತಿಗಳು ರೈತನನ್ನು ಒಪ್ಪಿಸುವುದು ಸುಲಭ.

ಆದರೆ ಸಾಕುವವನಿಗೆ ಲಾಭವಾಗಿ ಕಾಣುವ ಗುಣಗಳೇ ಹೊಳೆಗೆ ಬಿದ್ದಾಗ ಹಾನಿಯ ಗುಣಗಳಾಗುತ್ತವೆ. ಮಳೆಯ ರಾತ್ರಿಗಳಲ್ಲಿ ಈ ಮೀನು ಎದೆಯ ರೆಕ್ಕೆಯ ಮುಳ್ಳುಗಳನ್ನು ಊರಿಕೊಂಡು ಒದ್ದೆ ನೆಲದ ಮೇಲೆ ತೆವಳುತ್ತಾ ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗಬಲ್ಲದು. ಬಾಯಿಗೆ ಹಿಡಿಸುವ ಮೀನು, ಕಪ್ಪೆ, ಸಿಗಡಿ, ಹುಳು ಯಾವುದನ್ನೂ ಬಿಡುವುದಿಲ್ಲ. ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ. ನಮ್ಮ ದೇಶೀಯ ಮಾಗೂರ್ ಅರ್ಧ ಮೀಟರನ್ನು ಮುಟ್ಟುವುದೇ ಅಪರೂಪ. ಇವೆರಡನ್ನೂ ಮೊಟ್ಟೆಕೇಂದ್ರಗಳಲ್ಲಿ ಬೆರಕೆ ಮಾಡಿ, ಆ ಮರಿಗಳನ್ನು ದೇಶೀಯ ಮೀನಿನ ಮರಿಗಳೆಂದು ಮಾರಿರುವುದೂ ಉಂಟು. ರಾಜಸ್ಥಾನದ ಭರತಪುರದಲ್ಲಿರುವ ಕೇವಲದೇವ ರಾಷ್ಟ್ರೀಯ ಉದ್ಯಾನದಂತಹ ಸಂರಕ್ಷಿತ ಜೌಗುಪ್ರದೇಶಕ್ಕೂ ಈ ಮೀನು ನುಗ್ಗಿದ್ದು, ಅರಣ್ಯ ಇಲಾಖೆಯವರು ಬಲೆ ಹಾಕಿ ಸಾವಿರಾರು ಮೀನುಗಳನ್ನು ಹೊರತೆಗೆಯಬೇಕಾಯಿತು. ಹಕ್ಕಿಗಳ ಬೀಡೆಂದು ಜಗತ್ಪ್ರಸಿದ್ಧವಾದ ಸ್ಥಳಕ್ಕೇ ಈ ಗತಿಯಾದರೆ, ಕಾವಲಿಲ್ಲದ ಹಳ್ಳಿಯ ಕೆರೆಗಳ ಸ್ಥಿತಿಯನ್ನು ಊಹಿಸಬಹುದು.

ನಿಷೇಧದ ಸ್ವರೂಪ

ಕೇಂದ್ರ ಕೃಷಿ ಸಚಿವಾಲಯವು 1997ರಲ್ಲಿಯೇ ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆಯನ್ನು ನಿಷೇಧಿಸಿ, ಇರುವ ದಾಸ್ತಾನನ್ನು ನಾಶಪಡಿಸುವಂತೆ ರಾಜ್ಯಗಳಿಗೆ ಸೂಚಿಸಿತು. ನಿಷೇಧ ಕಾಗದದ ಮೇಲಿದ್ದರೂ ಸಾಕಣೆ ನಿಲ್ಲಲಿಲ್ಲವೆಂಬುದನ್ನು ಮರೆಮಾಚುವಂತಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಈ ವಿಷಯದಲ್ಲಿ ಮತ್ತೆ ಆದೇಶ ನೀಡಬೇಕಾಯಿತು. ತದನಂತರ ಮಹಾರಾಷ್ಟ್ರದ ಮೀನುಗಾರಿಕೆ ಇಲಾಖೆಯು ಹೊಂಡಗಳನ್ನು ಪತ್ತೆಹಚ್ಚಿ ಮೀನುಗಳನ್ನು ನಾಶಪಡಿಸುವ ಕ್ರಮವನ್ನು ಕೈಗೊಂಡಿತು. ಕರ್ನಾಟಕದಲ್ಲಿಯೂ, ವಿಶೇಷವಾಗಿ ಬೆಂಗಳೂರಿನ ಸುತ್ತಮುತ್ತಲ ತಾಲ್ಲೂಕುಗಳಲ್ಲಿ, ಇಂತಹ ಕಾರ್ಯಾಚರಣೆಗಳು ನಡೆದಿವೆ. ಸಾಲ ಮಾಡಿ ಹೊಂಡ ತೋಡಿಸಿದ ರೈತನು ಮಾರಾಟಕ್ಕೆ ಸಿದ್ಧವಾದ ಮೀನು ಮಣ್ಣುಪಾಲಾಗುವುದನ್ನು ನೋಡುತ್ತ ನಿಲ್ಲಬೇಕಾಗುತ್ತದೆ. ಮರಿಗಳನ್ನು ಮಾರಿದ ಮಧ್ಯವರ್ತಿ ಆ ವೇಳೆಗೆ ಊರು ಬಿಟ್ಟಿರುತ್ತಾನೆ.

ವಿದೇಶೀ ಮೀನುಗಳೆಲ್ಲವೂ ನಿಷಿದ್ಧವೆಂದು ಇದರಿಂದ ತಿಳಿಯಬಾರದು. ಪಂಗಾಸಿಯಸ್, ಗಿಫ್ಟ್ ತಿಲಾಪಿಯ ಮುಂತಾದುವುಗಳನ್ನು ನಿಗದಿತ ಮಾರ್ಗಸೂಚಿಗಳಿಗೆ ಒಳಪಟ್ಟು ಸಾಕಲು ಅವಕಾಶವಿದೆ. ದೇಶೀಯ ಮಾಗೂರ್ ಮತ್ತು ಕೊರವ ಮೀನುಗಳ ಸಾಕಣೆಗಂತೂ ಇಲಾಖೆಯೇ ಪ್ರೋತ್ಸಾಹ ನೀಡುತ್ತದೆ.

ಗಾಜಿನ ತೊಟ್ಟಿಯ ಮೀನುಗಳು

ನಗರಗಳಲ್ಲಿ ಈ ಸಮಸ್ಯೆಯು ಬೇರೊಂದು ರೂಪದಲ್ಲಿದೆ. ಅಂಗಡಿಯಲ್ಲಿ ಬೆರಳುದ್ದವಿರುವ ಅಲಿಗೇಟರ್ ಗಾರ್ ಮರಿಯು ನೋಡಲು ವಿಚಿತ್ರವಾಗಿ, ಮೊಸಳೆಯ ಮೂತಿಯಿಂದ ಕುತೂಹಲ ಹುಟ್ಟಿಸುತ್ತದೆ. ಉತ್ತರ ಅಮೆರಿಕದ ತನ್ನ ನೆಲೆಯಲ್ಲಿ ಇದು ಎರಡು ಮೀಟರಿಗೂ ಹೆಚ್ಚು ಬೆಳೆಯುವ ಮೀನೆಂದು ಕೊಳ್ಳುವವನಿಗೆ ಯಾರೂ ಹೇಳುವುದಿಲ್ಲ. ಒಂದೆರಡು ವರ್ಷಗಳಲ್ಲಿ ತೊಟ್ಟಿಯು ಸಾಲದಾಗುತ್ತದೆ, ಜೊತೆಯ ಮೀನುಗಳು ಒಂದೊಂದಾಗಿ ಮಾಯವಾಗುತ್ತವೆ. ಕೊಲ್ಲಲು ಮನಸ್ಸಾಗದೆ ಮನೆಯವರು ಅದನ್ನು ಹತ್ತಿರದ ಕೆರೆಗೋ ದೇವಸ್ಥಾನದ ಪುಷ್ಕರಣಿಗೋ ಬಿಟ್ಟು ಬರುತ್ತಾರೆ. ಒಂದು ಜೀವಕ್ಕೆ ತೋರಿದ ಆ ದಯೆಯ ಬೆಲೆಯನ್ನು ಕೆರೆಯ ಉಳಿದ ಜೀವಗಳು ತೆರುತ್ತವೆ. 2018ರ ಕೇರಳದ ಮಹಾಪ್ರವಾಹದ ತರುವಾಯ ಅಲ್ಲಿಯ ನದಿಗಳಲ್ಲಿ ಅಲಿಗೇಟರ್ ಗಾರ್ ಮತ್ತು ಅರಪೈಮ ಮೀನುಗಳು ಬಲೆಗೆ ಬಿದ್ದವು. 2023ರಲ್ಲಿ ಭೋಪಾಲದಲ್ಲಿಯೂ ಶ್ರೀನಗರದ ದಾಲ್ ಸರೋವರದಲ್ಲಿಯೂ ಅಲಿಗೇಟರ್ ಗಾರ್ ದೊರೆಯಿತು. ದಾಲ್ ಸರೋವರಕ್ಕೆ ಈ ಮೀನು ತಾನಾಗಿ ಈಜಿ ಬರಲು ಯಾವ ದಾರಿಯೂ ಇಲ್ಲ.

ಮನೆಯಲ್ಲಿ ಸಾಕುವ ಕೆಲವು ಮೀನುಗಳಿಗೆ ವನ್ಯಜೀವಿ ಕಾನೂನು ಸಹ ಅನ್ವಯಿಸುತ್ತದೆ. 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮಕ್ಕೆ 2022ರಲ್ಲಿ ತಿದ್ದುಪಡಿ ಮಾಡಲಾಗಿದ್ದು, ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅಳಿವಿನ ಅಪಾಯವಿರುವ ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿರುವ ಜೀವಿಗಳು ಈಗ ಅಧಿನಿಯಮದ ನಾಲ್ಕನೆಯ ಅನುಸೂಚಿಯಲ್ಲಿವೆ. ದಕ್ಷಿಣ ಅಮೆರಿಕದ ಅರಪೈಮ ಮತ್ತು ಆಗ್ನೇಯ ಏಷ್ಯಾದ ಅರವಾನ, ಇವೆರಡೂ ಪರಭಕ್ಷಕಗಳೇ, ಈ ಅನುಬಂಧಗಳಲ್ಲಿ ಸೇರಿವೆ. ಇಂತಹ ಜೀವಂತ ಪ್ರಾಣಿಯನ್ನು ಹೊಂದಿರುವವರು ಅದನ್ನು ವರದಿ ಮಾಡಿ ನೋಂದಾಯಿಸಬೇಕು. ಇದರ ಕ್ರಮವನ್ನು 2024ರ ಫೆಬ್ರವರಿಯಲ್ಲಿ ಹೊರಡಿಸಿದ ನಿಯಮಗಳಲ್ಲಿ ವಿವರಿಸಲಾಗಿದ್ದು, ಪರಿವೇಶ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕಾಗುತ್ತದೆ. ಪ್ರಾಣಿಯನ್ನು ಕೈಬದಲಾಯಿಸಿದಾಗಲೂ ಅದು ಸತ್ತಾಗಲೂ ತಿಳಿಸಬೇಕು. ಇದಲ್ಲದೆ, ವನ್ಯಜೀವಿಗಳಿಗೆ ಅಪಾಯ ತರುವ ಆಕ್ರಮಣಕಾರಿ ಪರಕೀಯ ಜೀವಿಗಳ ಆಮದು, ವ್ಯಾಪಾರ ಮತ್ತು ಸ್ವಾಧೀನವನ್ನು ಅಧಿಸೂಚನೆಯ ಮೂಲಕ ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವನ್ನೂ ಇದೇ ತಿದ್ದುಪಡಿಯು ಕೇಂದ್ರ ಸರ್ಕಾರಕ್ಕೆ ನೀಡಿದೆ.

ಮಾಡಬೇಕಾದುದು

ನಿಷಿದ್ಧ ಮೀನು ಈಗಾಗಲೇ ಹೊಂಡದಲ್ಲಿದೆಯೆಂದು ತಿಳಿದುಬಂದರೆ ಅದನ್ನು ರಾತ್ರೋರಾತ್ರಿ ಹಳ್ಳಕ್ಕೆ ಬಿಡುವುದು ತಪ್ಪಿನ ಮೇಲೆ ತಪ್ಪು. ಕರ್ನಾಟಕದಲ್ಲಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರಿಗೂ, ಮಹಾರಾಷ್ಟ್ರದಲ್ಲಿ ಜಿಲ್ಲೆಯ ಮೀನುಗಾರಿಕೆ ಸಹಾಯಕ ಆಯುಕ್ತರಿಗೂ ವಿಷಯವನ್ನು ತಿಳಿಸಿ, ಅವರ ಸಮಕ್ಷಮದಲ್ಲಿ ಹೊಂಡವನ್ನು ಬರಿದುಮಾಡಬೇಕು. ತೊಟ್ಟಿಯಲ್ಲಿ ಬೆಳೆದು ದೊಡ್ಡದಾದ ಮೀನಿನ ವಿಷಯದಲ್ಲಿಯೂ ಇದೇ ಕಚೇರಿಗಳ ಸಲಹೆ ಪಡೆಯಬಹುದು. ನದಿಯಲ್ಲಿ ಬಲೆಗೆ ಬಿದ್ದ ಅಪರಿಚಿತ ಮೀನನ್ನು ಮತ್ತೆ ನೀರಿಗೆ ಬಿಡದೆ, ಸಾಧ್ಯವಾದರೆ ಮಂಜುಗಡ್ಡೆಯಲ್ಲಿಟ್ಟು ಇಲಾಖೆಗೆ ತಲುಪಿಸಿದರೆ ಅದರ ಜಾತಿಯನ್ನು ಗುರುತಿಸಲು ಅನುಕೂಲ.

ಮರಿಗಳನ್ನು ಕೊಳ್ಳುವಾಗ ಮಾರುವವನ ಮಾತನ್ನಷ್ಟೇ ನಂಬದೆ, ಇಲಾಖೆಯ ಅಥವಾ ಇಲಾಖೆಯಲ್ಲಿ ನೋಂದಾಯಿತವಾದ ಮೀನುಮರಿ ಕೇಂದ್ರದಿಂದಲೇ ಕೊಂಡು, ಮೀನಿನ ಹೆಸರನ್ನು ಸ್ಪಷ್ಟವಾಗಿ ಬರೆಸಿದ ರಸೀದಿಯನ್ನು ಪಡೆದಿಟ್ಟುಕೊಳ್ಳತಕ್ಕದ್ದು. ಮಾಗೂರ್ ಎಂಬ ಒಂದೇ ಮಾತು ರಸೀದಿಯಲ್ಲಿದ್ದರೆ ಸಾಲದು. ಅದು ದೇಶೀಯವೋ ಆಫ್ರಿಕನ್ನೋ ಎಂಬುದು ಬರಹದಲ್ಲಿಯೇ ಇರಬೇಕು.