ಗೆರೆಯನ್ನು ಹುಡುಕಿ ಹೊರಟ ಕಟ್ಟಿಂಗೇರಿಯ ಹುಡುಗ

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ (ಮನೆಯ ಹಿರಿಯರ ಬಾಯಲ್ಲಿ ಅದು ಇಂದಿಗೂ ವಿ.ಟಿ.ಯೇ) ಕ್ರಾಫರ್ಡ್ ಮಾರ್ಕೆಟ್ ಕಡೆಗೆ ಹೋಗುವ ಬಸ್ಸಿನಲ್ಲಿ ನೀವು ಎಷ್ಟು ಬಾರಿ ಕುಳಿತಿಲ್ಲ! ಟೈಮ್ಸ್ ಆಫ್ ಇಂಡಿಯಾ ಕಟ್ಟಡದ ಎದುರಿಗೆ, ಮರಗಳ ನೆರಳಿನಲ್ಲಿ ಒಂದು ಹಳೆಯ ಆವರಣವಿದೆ. ಅದೇ 1857ರಲ್ಲಿ ಆರಂಭವಾದ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್. ಕಾಲೇಜು, ಟ್ಯೂಷನ್, ಲೋಕಲ್ ರೈಲು ಎಂದು ಓಡುವ ಗಡಿಬಿಡಿಯಲ್ಲಿ ಅದರತ್ತ ಕಣ್ಣು ಹಾಯಿಸಲು ಪುರಸೊತ್ತೆಲ್ಲಿ? ಆದರೆ ನಮ್ಮ ಊರ ಕಡೆಯ ಹುಡುಗನೊಬ್ಬ ಅಲ್ಲಿ ವಿದ್ಯಾರ್ಥಿಯಾಗಿ ಕಲಿತು, ಅಲ್ಲಿಯೇ ಅಧ್ಯಾಪಕನಾಗಿ, ಕೊನೆಗೆ ಅಲ್ಲಿ ಕಲಿತದ್ದನ್ನೇ ಪ್ರಶ್ನಿಸಿ ಹೊರನಡೆದ ಕಥೆ ನಿಮಗೆ ಗೊತ್ತಿರಬೇಕು. ಆತ ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್. ಕಲಾಲೋಕ ಅವರನ್ನು ಕೆ.ಕೆ. ಹೆಬ್ಬಾರ್ ಎಂದು ಬಲ್ಲದು.

ಪದ್ಮಶ್ರೀ, ಪದ್ಮಭೂಷಣಗಳ ಹೆಬ್ಬಾರರ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಇಲ್ಲಿ ಹೇಳಹೊರಟಿರುವುದು ಅದಕ್ಕೂ ಹಿಂದಿನ ಮಾತು. ಇನ್ನೂ ಹೆಸರಾಗದ, ತನ್ನ ಕೈ ಯಾವುದೆಂದು ತನಗೇ ತಿಳಿಯದಿದ್ದ ಹೆಬ್ಬಾರರ ಮಾತು.

ಅವರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ. ತಂದೆ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಸೊಂಡಿಲು ತಿರುಗುವುದನ್ನು, ಕಿವಿ ಅಗಲವಾಗುವುದನ್ನು ನೋಡುತ್ತಾ ಬೆಳೆದ ಹುಡುಗನಿಗೆ ಆಕಾರದ ಮೊದಲ ಪಾಠ ಮನೆಯಲ್ಲೇ ದೊರೆಯಿತೆನ್ನಬೇಕು. ಮನೆಯ ಹೊರಗೆ ಇನ್ನೂ ದೊಡ್ಡ ಪಾಠಶಾಲೆಯಿತ್ತು. ರಾತ್ರಿಯಿಡೀ ನಡೆಯುವ ಯಕ್ಷಗಾನ, ಭೂತಕೋಲ, ನಾಗಮಂಡಲ. ನಾಗಮಂಡಲ ನೋಡಿರದವರಿಗೆ ಒಂದು ಮಾತು: ಅಲ್ಲಿ ನೆಲದ ಮೇಲೆ ಬಣ್ಣದ ಹುಡಿಗಳಿಂದ ಹಾವಿನ ಗಂಟುಗಳನ್ನು ಬರೆಯುತ್ತಾರೆ. ಹಳದಿಗೆ ಅರಸಿನ, ಕೆಂಪಿಗೆ ಅರಸಿನದ ಜತೆ ಸುಣ್ಣ, ಹಸಿರಿಗೆ ಎಲೆಯ ಹುಡಿ, ಕಪ್ಪಿಗೆ ಸುಟ್ಟ ಉಮಿ. ಒಂದು ಗೆರೆ ಇನ್ನೊಂದರ ಕೆಳಗೆ ನುಸುಳಿ, ಮೇಲೆದ್ದು, ಸುತ್ತಿ ಬಂದು ತನ್ನನ್ನು ತಾನೇ ಸೇರಿಕೊಳ್ಳುತ್ತದೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡುವಾಗಲೆಲ್ಲ ನನಗೆ ಈ ಹಾವುಗಳು ನೆನಪಾಗುತ್ತವೆ. ಇದು ನನ್ನ ಊಹೆ ಮಾತ್ರ, ಒಪ್ಪದಿದ್ದರೆ ಬಿಡಬಹುದು.

ಚಿತ್ರ ಕಲಿಯುವ ಆಸೆಯಿಂದ ಅವರು ಕೆಲಕಾಲ ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿಗೆ ಹೋದರು. ಅನಂತರ ಸೇರಿದ್ದು ಮುಂಬಯಿ. ಆ ದಿನಗಳಲ್ಲಿ ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದ ಹುಡುಗರೆಂದರೆ ಹಗಲು ಹೋಟೆಲಿನಲ್ಲಿ ದುಡಿತ, ರಾತ್ರಿ ಶಾಲೆಯಲ್ಲಿ ಓದು. ಚಿತ್ರ ಬರೆದು ಬದುಕುತ್ತೇನೆ ಎನ್ನುವವನನ್ನು ಊರಿನವರು ಹೇಗೆ ನೋಡಿರಬಹುದೆಂದು ನೀವೇ ಊಹಿಸಿ. ಅಂಥ ಊರಿನಲ್ಲಿ ದಂಡಾವತಿಮಠ ಎಂಬ ಕನ್ನಡಿಗ ಗುರುಗಳು ನೂತನ ಕಲಾಮಂದಿರ ಎಂಬ ಕಲಾಶಾಲೆಯನ್ನು ನಡೆಸುತ್ತಿದ್ದರು. ಹೆಬ್ಬಾರರು ಅಲ್ಲಿ ಪಳಗಿದರು. ಕಲಬುರ್ಗಿಯಿಂದ ಬಂದ ಎಸ್.ಎಂ. ಪಂಡಿತರೂ ಇದೇ ಗುರುಗಳ ಶಿಷ್ಯರು. ಪಂಡಿತರು ಸಿನಿಮಾ ಪೋಸ್ಟರು, ಪುರಾಣದ ಕ್ಯಾಲೆಂಡರುಗಳ ಮೂಲಕ ದೇಶದ ಮನೆಮನೆಯ ಗೋಡೆ ತಲಪಿದರು. ಹೆಬ್ಬಾರರ ದಾರಿ ಬೇರೆಯಾಯಿತು. ಇವರಲ್ಲಿ ಯಾರು ಮೇಲು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಇಬ್ಬರೂ ಕನ್ನಡಿಗ ಗುರುವೊಬ್ಬರ ಗರಡಿಯಲ್ಲಿ ಪಳಗಿದವರೆಂಬುದನ್ನು ಮುಂಬಯಿಯ ನಾವು ಮರೆತೇಬಿಟ್ಟಿದ್ದೇವಲ್ಲ, ಅದಷ್ಟೇ ನನ್ನ ಬೇಸರ.

ಮುಂದೆ ಜೆ.ಜೆ. ಸ್ಕೂಲು. ಅಲ್ಲಿಯ ಶಿಕ್ಷಣ ಯುರೋಪಿನ ಅಕಾಡೆಮಿಗಳ ಮಾದರಿಯದು. ಮೊದಲು ಪ್ಲಾಸ್ಟರಿನ ಪ್ರತಿಮೆಯನ್ನು ನೋಡಿ ಬರೆಯಬೇಕು, ಆಮೇಲೆ ಎದುರಿಗೆ ಕೂತ ಮನುಷ್ಯನನ್ನು ನೋಡಿ. ಬೆಳಕು ಎಲ್ಲಿಂದ ಬೀಳುತ್ತದೆ, ಮೂಗಿನ ಪಕ್ಕದ ನೆರಳು ಎಲ್ಲಿ ಗಾಢವಾಗುತ್ತದೆ, ಚರ್ಮದ ಕೆಳಗೆ ಮೂಳೆ ಹೇಗಿದೆ ಎಂಬುದನ್ನೆಲ್ಲ ಕಣ್ಣಿಗೆ ಅಭ್ಯಾಸ ಮಾಡಿಸುತ್ತಿದ್ದರು. ಈ ವಿದ್ಯೆಯನ್ನು ಹಗುರವಾಗಿ ಕಾಣಬಾರದು. ಹೆಬ್ಬಾರರು ಅದರಲ್ಲಿ ನಿಪುಣರಾದರು, ಡಿಪ್ಲೊಮಾ ಪಡೆದರು, 1940ರಿಂದ 1945ರವರೆಗೆ ಅಲ್ಲಿಯೇ ಪಾಠ ಹೇಳಿದರು. ಮೂವತ್ತರ ಹರೆಯ, ಕೈಯಲ್ಲಿ ಮೆಚ್ಚಿಕೆ ಗಳಿಸುವ ಕಸುಬು, ಹೆಸರಾಂತ ಸಂಸ್ಥೆಯಲ್ಲಿ ಕೆಲಸ. ಇನ್ನೇನು ಬೇಕು?

ಬೇಕಾದದ್ದೊಂದು ಇತ್ತು. ತಾನು ಬರೆಯುತ್ತಿರುವುದು ಚೆನ್ನಾಗಿದೆ, ಆದರೆ ಅದು ತನ್ನದಲ್ಲ ಎಂಬ ಅಸಮಾಧಾನ ಅವರನ್ನು ಕಾಡತೊಡಗಿತು. ಅಲ್ಲಿ ಕಲಿತ ಯಾರು ಬರೆದರೂ ಚಿತ್ರ ಹೀಗೆಯೇ ಇರುತ್ತದೆ, ಇದರಲ್ಲಿ ನಾನೆಲ್ಲಿ? ಕೆಟ್ಟದ್ದನ್ನು ಬಿಡುವುದು ಸುಲಭ. ಕಷ್ಟಪಟ್ಟು ಗಳಿಸಿದ್ದನ್ನು, ಅನ್ನ ಕೊಡುವುದನ್ನು, ಜನ ಹೊಗಳುವುದನ್ನು ಪಕ್ಕಕ್ಕಿಡುವುದು ಎಷ್ಟು ಜನರಿಂದ ಸಾಧ್ಯ?

ಆಗ ಅವರು ಹಳೆಯದರ ಕಡೆಗೆ ತಿರುಗಿದರು. ಅಜಂತಾದ ಭಿತ್ತಿಚಿತ್ರಗಳು, ಪಶ್ಚಿಮ ಭಾರತದ ಜೈನ ಹಸ್ತಪ್ರತಿಗಳ ಚಿತ್ರಗಳು. (ಜೆ.ಜೆ.ಗೆ ಅಜಂತಾ ಹೊಸದೇನಲ್ಲ. 1872ರಿಂದ 1885ರವರೆಗೆ ಅದೇ ಶಾಲೆಯ ಜಾನ್ ಗ್ರಿಫಿತ್ಸ್ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಲ್ಲಿನ ಚಿತ್ರಗಳ ಪ್ರತಿ ಮಾಡಿಸಿದ್ದರು. ಲಂಡನ್ನಿಗೆ ಕಳಿಸಿದ ಅವುಗಳಲ್ಲಿ ಅನೇಕವು ಬೆಂಕಿಗೆ ಆಹುತಿಯಾದವು.) ಅಜಂತಾದ ಚಿತ್ರಕಾರರೂ ನೆರಳನ್ನು ಬಲ್ಲವರೇ. ಆದರೆ ಅಲ್ಲಿ ತೋಳು ದುಂಡಗೆ ಕಾಣುವುದು ಮುಖ್ಯವಾಗಿ ಗೆರೆಯಿಂದ. ಗೆರೆ ಒಂದೆಡೆ ದಪ್ಪವಾಗಿ, ಒಂದೆಡೆ ಕೂದಲಿನಷ್ಟು ತೆಳ್ಳಗಾಗಿ ಹರಿಯುತ್ತದೆ. ಅಷ್ಟರಲ್ಲೇ ಮಾಂಸಖಂಡ ಮೂಡಿಬಿಡುತ್ತದೆ. ಜೈನ ಚಿತ್ರಗಳಂತೂ ಕಣ್ಣಿಗೆ ಕಂಡಂತೆ ಬರೆಯಬೇಕೆಂಬ ಹಂಗನ್ನೇ ಇಟ್ಟುಕೊಂಡವಲ್ಲ. ಮುಖ ಪಕ್ಕಕ್ಕೆ ತಿರುಗಿದ್ದರೂ ಆಚೆಬದಿಯ ಕಣ್ಣು ಕೆನ್ನೆಯನ್ನು ದಾಟಿ ಹೊರಗೆ ಚಾಚಿರುತ್ತದೆ! ಹಿಂಬದಿಗೆ ಒಂದೇ ಕೆಂಪು. ಪ್ಲಾಸ್ಟರಿನ ಪ್ರತಿಮೆ ನೋಡಿ ಬೆಳೆದ ಕಣ್ಣಿಗೆ ಇದು ತಪ್ಪೆಂದೇ ತೋರಬೇಕು. ಹೆಬ್ಬಾರರಿಗೆ ಅದರಲ್ಲಿ ಬಿಡುಗಡೆ ಕಂಡಿತು.

ಇನ್ನೊಂದು ಪ್ರೇರಣೆ ಅಮೃತಾ ಶೆರ್‌ಗಿಲ್ ಅವರ ಚಿತ್ರಗಳು. ಹೆಬ್ಬಾರರಿಗಿಂತ ಎರಡು ವರ್ಷ ಕಿರಿಯರಾದ ಅಮೃತಾ ಪ್ಯಾರಿಸಿನಲ್ಲಿ ಕಲಿತು ಬಂದು, ಅಜಂತಾ ನೋಡಿ, ದಕ್ಷಿಣ ಭಾರತವನ್ನು ಸುತ್ತಿ, 1937ರಲ್ಲಿ ಬ್ರಹ್ಮಚಾರಿಗಳ, ಸಂತೆಗೆ ಹೊರಟ ಹಳ್ಳಿಗರ ದೊಡ್ಡ ಚಿತ್ರಗಳನ್ನು ಬರೆದಿದ್ದರು. 1941ರಲ್ಲಿ, ಮೂವತ್ತು ತುಂಬುವ ಮೊದಲೇ, ತೀರಿಕೊಂಡರು. ಅವರು ಬರೆದದ್ದು ಹೆಬ್ಬಾರರು ಹುಟ್ಟಿನಿಂದ ಕಂಡಿದ್ದ ಮೈಬಣ್ಣವನ್ನು, ಬಿಳಿಯ ಪಂಚೆಯನ್ನು, ಬಿಸಿಲನ್ನು. ನಮ್ಮ ಅಂಗಳದ ವಸ್ತುವನ್ನು ಹೊರಗಿನವರೊಬ್ಬರು ಎತ್ತಿ ತೋರಿಸಿದಾಗ ಅದರ ಬೆಲೆ ತಿಳಿಯುವುದುಂಟು. ಆ ದಶಕದಲ್ಲಿ ಹೆಬ್ಬಾರರೂ ಕೇರಳದ ಕಡೆ ತಿರುಗಾಡಿ ಬಂದರು. ಅಲ್ಲಿಂದ ಅವರ ಚಿತ್ರಗಳಲ್ಲಿ ಕೆಂಪು ಮಣ್ಣು, ತೆಂಗಿನ ಹಸಿರು, ಕಪ್ಪು ಮೈಯ ಹೆಂಗಸರು ನೆರಳಿನ ಮುಸುಕಿಲ್ಲದೆ ಬಂದು ನಿಂತರು.

ಹಾಗೆಂದು ಅವರು ಪಶ್ಚಿಮಕ್ಕೆ ಬಾಗಿಲು ಹಾಕಿಕೊಂಡರೆಂದು ತಿಳಿಯಬೇಡಿ. 1949-50ರಲ್ಲಿ ಪ್ಯಾರಿಸಿಗೆ ಹೋಗಿ ಅಕಾಡೆಮಿ ಜೂಲಿಯಾನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾದರು. ಆಗ ಅವರ ವಯಸ್ಸು ಮೂವತ್ತೆಂಟು! ಇತ್ತ ಮುಂಬಯಿಯಲ್ಲಿ 1947ರಲ್ಲಿ ಸೂಜಾ, ರಜಾ, ಹುಸೇನ್, ಆರಾ ಮೊದಲಾದವರು ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದ್ದರು. ಹೆಬ್ಬಾರರು ಅದರಲ್ಲಿ ಸೇರಲಿಲ್ಲ. ಗದ್ದಲ ಮಾಡಿ ಗಮನ ಸೆಳೆಯುವ ಜಾಯಮಾನ ಅವರದಲ್ಲ. ಅದರಿಂದ ಅವರಿಗೆ ನಷ್ಟವೂ ಆಯಿತೆಂದೇ ನನ್ನ ಭಾವನೆ. ಇಂದು ಆಧುನಿಕ ಭಾರತೀಯ ಕಲೆಯ ಚರ್ಚೆ ಬಂದಾಗ ಮೊದಲು ಕೇಳಿಬರುವುದು ಆ ಗುಂಪಿನವರ ಹೆಸರು.

ಅವರ ಸಾಧನೆಯಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು ಕುಂಚದ ಸುದ್ದಿಯಲ್ಲ, ಕಾಲಿನ ಸುದ್ದಿ. ಲಯವೆಂದರೇನೆಂದು ಮೈಯಿಂದಲೇ ತಿಳಿಯಬೇಕೆಂದು ಹೆಬ್ಬಾರರು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ಕಲಿತರು. ವೇದಿಕೆ ಏರಬೇಕೆಂದಲ್ಲ, ಗೆರೆ ಎಳೆಯುವುದಕ್ಕಾಗಿ ಕಲಿತದ್ದು. ಕಥಕ್‌ನಲ್ಲಿ ಚಕ್ಕರ್ ಎಷ್ಟೇ ವೇಗವಾಗಿ ಸುತ್ತಿದರೂ ಕೊನೆಗೆ ಸಮ್‌ಗೆ ಸರಿಯಾಗಿ ಬಂದು ನಿಲ್ಲಬೇಕು. ಒಂದು ಕೂದಲೆಳೆ ಹಿಂದೆ ಮುಂದೆ ಆದರೂ ಆಭಾಸ. ಅವರ ನರ್ತಕಿಯರ, ವಾದ್ಯಗಾರರ ರೇಖಾಚಿತ್ರಗಳಲ್ಲಿ ಗೆರೆ ಭುಜದಿಂದ ಹೊರಟು, ಸೊಂಟದಲ್ಲಿ ಬಳುಕಿ, ಹಿಮ್ಮಡಿಗೆ ಬಂದು ನಿಲ್ಲುವ ರೀತಿ ನೋಡಿದರೆ ಆ ಅಭ್ಯಾಸ ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತದೆ. ಎಣ್ಣೆಬಣ್ಣದಲ್ಲಿ ತಪ್ಪಿದರೆ ಮೇಲೆ ಇನ್ನೊಂದು ಪದರ ಬಳಿಯಬಹುದು. ಶಾಯಿಯ ಗೆರೆಗೆ ಆ ಅನುಕೂಲವಿಲ್ಲ. 1964ರಲ್ಲಿ ಈ ರೇಖಾಚಿತ್ರಗಳ ಪುಸ್ತಕವೊಂದು ಹೊರಬಂತು. ಅದರ ಹೆಸರೇ 'ದಿ ಸಿಂಗಿಂಗ್ ಲೈನ್', ಅಂದರೆ ಹಾಡುವ ಗೆರೆ.

ವಸ್ತುವಿಗಾಗಿ ಅವರು ಎಲ್ಲಿಗೂ ಓಡಬೇಕಾಗಲಿಲ್ಲ. ದನದ ಸಂತೆ, ಮೀನುಗಾರರು, ದುಡಿಯುವವರು, ಹಸಿದವರು. ಮುಂದಿನ ವರ್ಷಗಳಲ್ಲಿ ಬಣ್ಣ ದಪ್ಪಗಾಯಿತು, ಗೋಡೆಯ ಗಾರೆಯಂತೆ ಒರಟಾಯಿತು. ಚಂದ್ರ ಮತ್ತೆ ಮತ್ತೆ ಬಂದ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. 1996ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ಮಗಳು ರೇಖಾ ರಾವ್ ಕೂಡ ಚಿತ್ರಕಲಾವಿದೆ. ರೇಖಾ ಎಂಬ ಹೆಸರನ್ನು ಗಮನಿಸಿದಿರಾ?

ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಒಮ್ಮೆ ಹೋಗಿಬನ್ನಿ. ಅಲ್ಲಿ ಹೆಬ್ಬಾರರ ಚಿತ್ರಗಳಿಗೆಂದೇ ಒಂದು ಗ್ಯಾಲರಿಯಿದೆ. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಅವರ ಕೃತಿಗಳಿವೆ. ಬಣ್ಣದ ಚಿತ್ರಗಳಿಗಿಂತ ಮೊದಲು ರೇಖಾಚಿತ್ರ ನೋಡಿ. ಗೆರೆ ಎಲ್ಲಿ ಆರಂಭವಾಯಿತೆಂದು ಹುಡುಕಿ, ಅದರ ಜತೆಗೇ ಕಣ್ಣನ್ನು ನಡೆಸಿಕೊಂಡು ಹೋಗಿ, ಕೈ ಎಲ್ಲಿ ವೇಗ ಕಡಿಮೆ ಮಾಡಿತು, ಎಲ್ಲಿ ಒತ್ತಿತು, ಕಾಗದವನ್ನು ಬಿಟ್ಟು ಎಲ್ಲಿ ಮೇಲೆದ್ದಿತು ಎಂದು ಎಣಿಸುತ್ತಾ ಬನ್ನಿ. ಒಂದು ಚಿತ್ರಕ್ಕೆ ಐದು ನಿಮಿಷವಾದರೂ ಬೇಕಾದೀತು.